ಹೃದಯ ವೈಫಲ್ಯವುಳ್ಳವರಲ್ಲಿ ಹಠಾತ್ ಮರಣದ ಸಂಭವ: ಹುಣಸೂರು ಭಾಗದ ಸಾರ್ವಜನಿಕರ ಅವಗಾಹನೆಗೆ

ಹಾಸನ ಜಿಲ್ಲೆಯಲ್ಲಿ 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಸಂಭವಿಸಿದ ಹಠಾತ್ ಮರಣಗಳ ಸುದ್ದಿ ಪ್ರಕಟವಾದ ತರುವಾಯ, ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಜಯದೇವ ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದೆ ಜುಲೈ ತಿಂಗಳಿನಲ್ಲಿ ಉದ್ದನೆಯ ಸಾಲುಗಳು ಕಂಡುಬಂದವು. ಯಾವ ತೊಂದರೆಯೂ ಇಲ್ಲದ ಯುವಕರು ಸಹ ತಪಾಸಣೆಗಾಗಿ ಬಂದಿದ್ದರು. ಸರ್ಕಾರವು ನೇಮಿಸಿದ್ದ ತಜ್ಞರ ಸಮಿತಿಯು 24 ಮರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವಲ್ಲವೆಂದೂ, ಹೃದ್ರೋಗದ ಮರಣಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲವೆಂದೂ ವರದಿ ನೀಡಿತು. ಮೃತರಲ್ಲಿ ಮೊದಲೇ ಹೃದ್ರೋಗಕ್ಕೆ ಚಿಕಿತ್ಸೆ ಪಡೆದಿದ್ದವರೂ ಇದ್ದರು. ಸದರಿ ಅಂಶವು ಹೆಚ್ಚಿನ ಗಮನ ಸೆಳೆಯಲಿಲ್ಲ. ಆದರೆ ಹಠಾತ್ ಮರಣದ ಅಪಾಯವು ಮುಂಚಿತವಾಗಿಯೇ ಅಳೆಯಲ್ಪಟ್ಟಿರುವ, ತಡೆಯುವ ಮಾರ್ಗವೂ ತಿಳಿದಿರುವ ಒಂದು ವರ್ಗವಿದೆ. ಅದು ಹೃದಯ ವೈಫಲ್ಯದ ರೋಗಿಗಳ ವರ್ಗ.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದೆಂದು ಅನೇಕರು ಭಾವಿಸಿರುತ್ತಾರೆ. ಹಾಗಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪು ಮಾಡುವ ಶಕ್ತಿ ಹೃದಯಕ್ಕೆ ಕುಂದಿರುವ ಸ್ಥಿತಿಯೇ ಹೃದಯ ವೈಫಲ್ಯ. ನಡೆದಾಗ ಏದುಸಿರು, ಕಾಲು ಊತ, ರಾತ್ರಿ ಅಂಗಾತ ಮಲಗಲಾಗದಿರುವುದು ಇದರ ಲಕ್ಷಣಗಳು. ಎಕೋ ಪರೀಕ್ಷೆಯ ವರದಿಯಲ್ಲಿ 'ಇ.ಎಫ್.' ಎಂಬ ಅಕ್ಷರಗಳ ಮುಂದೆ ಶೇಕಡಾವಾರು ಅಂಕಿ ನಮೂದಾಗಿರುತ್ತದೆ. ಅದು ಶೇ. 35 ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ಹಠಾತ್ ಮರಣದ ಸಂಭವ ಹೆಚ್ಚು. ದುರ್ಬಲಗೊಂಡು ಗಾಯದ ಕಲೆಯುಂಟಾದ ಹೃದಯದ ಸ್ನಾಯುವಿನಲ್ಲಿ ವಿದ್ಯುತ್ ಸಂಚಾರ ದಾರಿ ತಪ್ಪಿ, ಹೃದಯ ಬಡಿಯುವ ಬದಲು ಬರಿದೇ ಅದುರತೊಡಗುತ್ತದೆ. ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತಕ್ಕೂ ಇದಕ್ಕೂ ವ್ಯತ್ಯಾಸವಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1999ರಲ್ಲಿ ಪ್ರಕಟವಾದ ಮೆರಿಟ್-ಎಚ್.ಎಫ್. ಅಧ್ಯಯನದಲ್ಲಿ, ಅಲ್ಪ ಆಯಾಸವಷ್ಟೇ ಇದ್ದ ರೋಗಿಗಳಲ್ಲಿ ಸಂಭವಿಸಿದ ಮರಣಗಳ ಪೈಕಿ ಶೇ. 64 ಹಠಾತ್ ಮರಣಗಳಾಗಿದ್ದವು. ಅತಿ ತೀವ್ರ ರೋಗಿಗಳಲ್ಲಿ ಈ ಪ್ರಮಾಣ ಶೇ. 33 ಮಾತ್ರ. ಒಟ್ಟು ಮರಣಗಳು ತೀವ್ರ ರೋಗಿಗಳಲ್ಲಿಯೇ ಹೆಚ್ಚೆಂಬುದು ನಿಜ. ಆದರೆ ಚೇತರಿಸಿಕೊಂಡು ಹೊಲಕ್ಕೆ ಹೋಗುತ್ತಿರುವ ವ್ಯಕ್ತಿಗೆ ಎದುರಾಗುವ ಅಪಾಯ ಬಹುಪಾಲು ಈ ಬಗೆಯದು. 'ಈಗ ಚೆನ್ನಾಗಿದ್ದೇನೆ' ಎಂದು ಮಾತ್ರೆ ನಿಲ್ಲಿಸುವವರೂ ಇವರೇ. ಸದರಿ ಅಧ್ಯಯನದಲ್ಲಿ ಮೆಟೊಪ್ರೊಲಾಲ್ ಮಾತ್ರೆಯು ಹಠಾತ್ ಮರಣಗಳನ್ನು ಶೇ. 41ರಷ್ಟು ತಗ್ಗಿಸಿತ್ತು. 2017ರಲ್ಲಿ ಪ್ರಕಟವಾದ, 40,000ಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ 12 ಅಧ್ಯಯನಗಳ ವಿಶ್ಲೇಷಣೆಯು ಸುಮಾರು ಎರಡು ದಶಕಗಳಲ್ಲಿ ಹಠಾತ್ ಮರಣದ ದರ ಶೇ. 44ರಷ್ಟು ಇಳಿದಿರುವುದನ್ನು ತೋರಿಸಿತು. ಔಷಧಗಳ ವ್ಯಾಪಕ ಬಳಕೆಗೆ ಅನುಗುಣವಾಗಿಯೇ ಈ ಇಳಿಕೆ ಕಂಡುಬಂದಿದೆ.

ವೆಚ್ಚದ ಬಗ್ಗೆಯೂ ಹೇಳಬೇಕು. ವಾಣಿಜ್ಯ ವಿಷಯ ಓದಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದೇ. ಈ ರೋಗಕ್ಕೆ ನೀಡುವ ಡಾಪಾಗ್ಲಿಫ್ಲೋಜಿನ್ ಮಾತ್ರೆಯ ಪೇಟೆಂಟ್ ಅವಧಿ ಅದಕ್ಕೂ ಮೊದಲೇ, ಎಂಪಾಗ್ಲಿಫ್ಲೋಜಿನ್ ಮಾತ್ರೆಯದು 2025ರ ಮಾರ್ಚ್‌ನಲ್ಲಿ ಮುಗಿದು, ಎರಡರ ಬೆಲೆಯೂ ಗಣನೀಯವಾಗಿ ಇಳಿದಿದೆ. ಹಿಂದೆ ದುಬಾರಿಯೆಂದು ಬಿಟ್ಟವರು ವೈದ್ಯರನ್ನು ಮತ್ತೊಮ್ಮೆ ವಿಚಾರಿಸುವುದು ಸೂಕ್ತ.

ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪು ತರುವ ಕುಟುಂಬಗಳಲ್ಲಿ ಸೊಪ್ಪು ಹದಗೊಳಿಸುವ ದಿನಗಳಲ್ಲಿ ಬ್ಯಾರನ್ ಮುಂದೆ ರಾತ್ರಿಯಿಡೀ ನಿಗಾ ವಹಿಸಬೇಕಾಗುತ್ತದೆ. ನಿದ್ರೆಯಿಲ್ಲ, ಶಾಖ ಹೆಚ್ಚು, ಮಾತ್ರೆಯ ಹೊತ್ತು ತಪ್ಪುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುತ್ತಿರುವವರು ಬೆವರಿನಿಂದಲೂ ಲವಣಾಂಶ ಕಳೆದುಕೊಂಡರೆ ಹೃದಯದ ಲಯ ತಪ್ಪುವ ಸಂಭವ ಹೆಚ್ಚುತ್ತದೆ. ಇದಕ್ಕೆ ಪರಿಹಾರವೆಂದು ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಸೇವಿಸುವವರು ಮೇಲಿಂದ ಮೇಲೆ ಎಳನೀರು ಕುಡಿಯುವುದೂ ಸರಿಯಲ್ಲ; ರಕ್ತದಲ್ಲಿ ಪೊಟ್ಯಾಶಿಯಂ ಮಿತಿಮೀರಿದರೂ ಅಪಾಯವೇ. ಸೊಂಟನೋವಿಗೆ ಔಷಧಿ ಅಂಗಡಿಯಲ್ಲಿ ತಾವಾಗಿಯೇ ಕೊಳ್ಳುವ ನೋವಿನ ಮಾತ್ರೆಗಳು ಹೃದಯ ವೈಫಲ್ಯವನ್ನು ಉಲ್ಬಣಗೊಳಿಸುತ್ತವೆ.

ಕನಿಷ್ಠ ಮೂರು ತಿಂಗಳು ಔಷಧ ಸೇವಿಸಿದ ನಂತರವೂ ಇ.ಎಫ್. ಶೇ. 35ಕ್ಕಿಂತ ಮೇಲೇರದಿದ್ದಲ್ಲಿ, ಐ.ಸಿ.ಡಿ. ಎಂಬ ಸಾಧನದ ಅಗತ್ಯವನ್ನು ಹೃದ್ರೋಗ ತಜ್ಞರು ಪರಿಶೀಲಿಸುತ್ತಾರೆ. ಎದೆಯ ಚರ್ಮದಡಿ ಅಳವಡಿಸುವ ಈ ಸಾಧನವು ಲಯ ತಪ್ಪಿದ ಕೂಡಲೇ ತಾನೇ ವಿದ್ಯುತ್ ಆಘಾತ ನೀಡಿ ಸರಿಪಡಿಸುತ್ತದೆ. ಆದುದರಿಂದ ಮೂರನೆಯ ತಿಂಗಳ ಎಕೋ ಪರೀಕ್ಷೆಯನ್ನು ತಪ್ಪಿಸಬಾರದು.

ಯೋಜನೆಗಳ ಬಗ್ಗೆ ಒಂದು ಗೊಂದಲವನ್ನು ನಿವಾರಿಸುವುದು ಅವಶ್ಯಕ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸಲು ಇರುವಂತಹದು. ಲಯ ತಪ್ಪಿ ಕುಸಿದುಬಿದ್ದವರಿಗೆ ಬೇಕಾಗಿರುವುದು ಎದೆ ಒತ್ತುವಿಕೆ ಮತ್ತು ವಿದ್ಯುತ್ ಆಘಾತ ನೀಡುವ ಎ.ಇ.ಡಿ. ಯಂತ್ರ. ಹೃದಯ ವೈಫಲ್ಯದ ನಿಯೋಜಿತ ಚಿಕಿತ್ಸೆಗೆ ಅನ್ವಯವಾಗುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ. ಇದರಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದ್ದು, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು ದೊರೆಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ಕಡೆಯ ಅರ್ಜಿದಾರರು ಮೈಸೂರಿಗೆ ತೆರಳುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಪಡಿತರ ಚೀಟಿ, ಆಧಾರ್, ಹಳೆಯ ಮತ್ತು ಹೊಸ ಎಕೋ ವರದಿಗಳು ಹಾಗೂ ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು. ಹಳೆಯ ವರದಿಯಿಲ್ಲದೆ ಹೋದಲ್ಲಿ ಇ.ಎಫ್. ಏರಿತೇ ಇಳಿಯಿತೇ ಎಂದು ಹೋಲಿಸಲಾಗುವುದಿಲ್ಲ. ಐ.ಸಿ.ಡಿ. ಸೂಚಿಸಿದ್ದಲ್ಲಿ, ಅದು ತಮ್ಮ ಪ್ರಕರಣದಲ್ಲಿ ಯಾವ ಪ್ಯಾಕೇಜಿನಡಿ ಬರುತ್ತದೆಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ದಾಖಲಾಗುವ ಮೊದಲೇ ವಿಚಾರಿಸುವುದು. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರದ ಅಗತ್ಯವಿಲ್ಲ.

ಮನೆಯಲ್ಲಿ ಇಂತಹ ರೋಗಿಯಿದ್ದಲ್ಲಿ, ಕನಿಷ್ಠ ಇಬ್ಬರು ಎದೆ ಒತ್ತುವ ವಿಧಾನವನ್ನು ಕಲಿತಿರಬೇಕು. ಹೃದಯದ ಲಯ ತಪ್ಪಿದ ಬಳಿಕ ಏನೂ ಮಾಡದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಕುಗ್ಗುತ್ತದೆ. ರೋಗಿಯು ಕುಸಿದು, ಕರೆದರೆ ಪ್ರತಿಕ್ರಿಯಿಸದೆ, ಸಹಜವಾಗಿ ಉಸಿರಾಡದಿದ್ದಲ್ಲಿ ಒಬ್ಬರು 108ಕ್ಕೆ ಕರೆ ಮಾಡತಕ್ಕದ್ದು. ಮತ್ತೊಬ್ಬರು ಎದೆಯ ಮಧ್ಯಭಾಗವನ್ನು ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿಯಂತೆ, ಆಂಬ್ಯುಲೆನ್ಸ್ ತಲುಪುವವರೆಗೂ ಒತ್ತುತ್ತಿರತಕ್ಕದ್ದು.