ಬೈರಿಗೆಯೂ ತಿರುಪುಮೊಳೆಯೂ

ಕಳೆದ ಚೈತ್ರಮಾಸದ ಒಂದು ಮಧ್ಯಾಹ್ನ ನಮ್ಮ ನಡುಮನೆಯ ಪುಸ್ತಕದ ಹಲಗೆಯು ತನ್ನ ಸಮಸ್ತ ಗ್ರಂಥಭಾರದೊಡನೆ ನೆಲಕ್ಕುರುಳಿತು. ಆ ಹಲಗೆಯ ಕೆಳಗೆ ಚಾಪೆಯ ಮೇಲೆ ಕುಳಿತು ಚಿತ್ರ ಬರೆಯುವುದು ನಮ್ಮ ಮೊಮ್ಮಗನ ನಿತ್ಯದ ಪದ್ಧತಿ. ಅಂದು ಅವನು ನೀರು ಕುಡಿಯುವುದಕ್ಕೆಂದು ಎದ್ದು ಅಡಿಗೆಯ ಮನೆಗೆ ಹೋಗಿದ್ದನು. ಲೋಟವಿನ್ನೂ ಅವನ ಕೈಯಲ್ಲಿಯೇ ಇತ್ತು. ನಾವು ಓಡಿಬಂದು ನೋಡುವಾಗ ಸಂಸ್ಕೃತ ನಿಘಂಟಿನ ಒಂದು ಸಂಪುಟವು ಚಾಪೆಯ ನಟ್ಟನಡುವೆ ಬಿದ್ದಿತ್ತು. ಅದರಡಿಯಲ್ಲಿ ಅವನ ಬಣ್ಣದ ಕಡ್ಡಿಗಳ ತಗಡಿನ ಡಬ್ಬಿಯು ಚಪ್ಪಟೆಯಾಗಿತ್ತು. ಆ ಹಲಗೆಯನ್ನು ಗೋಡೆಗೆ ಹೂಡಿದವರು ಬೇರೆ ಯಾರೂ ಅಲ್ಲ, ನಾವೇ. ೩೫ ವರ್ಷಗಳ ಕಾಲ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಾವು, ನಿವೃತ್ತಿಯ ಬಳಿಕ ನೆರೆಮನೆಯವರ ವಿದ್ಯುತ್ ಬೈರಿಗೆಯನ್ನು ಎರವು ತಂದು, ಹತ್ತು ನಿಮಿಷಗಳೊಳಗೆ ನಾಲ್ಕು ತೂತುಗಳನ್ನು ಕೊರೆದು ಕೃತಾರ್ಥರಾಗಿದ್ದೆವು. ಆದುದರಿಂದ ಈ ತಿಂಗಳ ಲೇಖನವನ್ನು ವಾಚಕ ಮಹಾಶಯರು ಒಂದು ಬಗೆಯ ತಪ್ಪೊಪ್ಪಿಗೆಯೆಂದು ಭಾವಿಸಬಹುದು.

ಮರುದಿನ ನಮಗೆ ಪರಿಚಿತನಾದ ಒಬ್ಬ ವೃದ್ಧ ಬಡಗಿಯನ್ನು ಕರೆಸಿದೆವು. ಆತನು ಬಿದ್ದ ಹಲಗೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ಗೋಡೆಯ ತೂತಿನೊಳಕ್ಕೆ ಒಂದು ತಂತಿಯ ತುಂಡನ್ನು ತೂರಿಸಿ ಆಳವನ್ನು ಅಳೆದು, "ಕೊರೆಯುವಾಗ ಕೆಂಪು ಪುಡಿ ಬಂತೇ ಸ್ವಾಮಿ?" ಎಂದು ಕೇಳಿದನು. ನಮಗೆ ನೆನಪಿದ್ದುದು ಬೂದುಬಣ್ಣದ ಪುಡಿ. ಕೊನೆಯಲ್ಲಿ ಒಂದು ಚಿಟಿಕೆ ಕೆಂಪು ಬಂದಿದ್ದರೂ ಬಂದಿರಬಹುದು, ನಾವು ನೋಡಲಿಲ್ಲ. ಆತನ ಪ್ರಶ್ನೆಯಲ್ಲಿಯೇ ಸಮಸ್ತ ಉತ್ತರವೂ ಅಡಗಿತ್ತು. ಗೋಡೆಯ ಹೊರಮೈ ಗಾರೆ. ಭಾರವನ್ನು ಹೊರತಕ್ಕ ಇಟ್ಟಿಗೆ ಇರುವುದು ಅದರ ಹಿಂದೆ. ಒಳಗೋಡೆಗಳಿಗೆ ಸಾಧಾರಣವಾಗಿ ೧೨ ರಿಂದ ೧೫ ಮಿಲಿಮೀಟರ್ ದಪ್ಪದ ಗಾರೆಯನ್ನು ಬಳಿಯುವರು. ಅಂಕುಡೊಂಕಾದ ಹಳೆಯ ಗೋಡೆಯನ್ನು ಸಮಮಾಡುವಲ್ಲಿ ಅದು ಇಮ್ಮಡಿಯಾಗುವುದುಂಟು. ನಮ್ಮ ಗೋಡೆಯಲ್ಲಿ ೨೫ ಮಿಲಿಮೀಟರ್ ಇತ್ತು; ನಾವು ಹೊಗಿಸಿದ ಪ್ಲಾಸ್ಟಿಕ್ ಗೂಟದ ಉದ್ದವೋ ೩೦. ಎಂದರೆ ಸುಮಾರು ೩೦ ಕಿಲೋಗ್ರಾಂ ತೂಕದ ವಿದ್ಯೆಯು ನಾಲ್ಕು ಗೂಟಗಳ ತುದಿಯ ಐದೈದು ಮಿಲಿಮೀಟರುಗಳನ್ನು ನಂಬಿಕೊಂಡು ನಿಂತಿತ್ತು. ಎರಡು ತಿಂಗಳ ಕಾಲ ನಿಂತುದೇ ಆಶ್ಚರ್ಯ.

ಇದರ ಮೇಲೆ ಇನ್ನೊಂದು ಅಪರಾಧ. ಕೊರೆಯುವಾಗ ನಮ್ಮ ಕೈ ಅಲುಗಿ ಮೇಲಿನ ಒಂದು ತೂತು ಅಗಲವಾಯಿತು. ಗೂಟವು ಸಡಿಲವಾಗಲು ನಾವು ಅದರ ಪಕ್ಕದಲ್ಲಿ ಬೆಂಕಿಕಡ್ಡಿಗಳನ್ನು ತುರುಕಿದೆವು. ಮರದಲ್ಲಿ ಸಡಿಲವಾದ ತೂತಿಗೆ ಬಿದಿರಿನ ಸೀಳನ್ನು ಅಂಟಿನೊಡನೆ ತುಂಬುವುದು ಒಳ್ಳೆಯ ಚಿಕಿತ್ಸೆಯೇ. ಗಾರೆಯಲ್ಲಿ ಅದು ಆತ್ಮವಂಚನೆ. ಹಲಗೆಯನ್ನು ಹೊರುವ ಕೋನಾಕೃತಿಯ ಕಬ್ಬಿಣಕ್ಕೆ ಮೇಲೊಂದು ಕೆಳಗೊಂದು ತಿರುಪುಮೊಳೆಯಿದ್ದರೆ, ಭಾರವು ಬಿದ್ದಾಗ ಕಬ್ಬಿಣದ ಕೆಳತುದಿಯು ಗೋಡೆಯನ್ನು ಒತ್ತುತ್ತದೆ, ಮೇಲಿನ ಮೊಳೆಯು ಹೊರಕ್ಕೆ ಎಳೆಯಲ್ಪಡುತ್ತದೆ. ಕೀಳಲ್ಪಡುವುದು ಯಾವಾಗಲೂ ಮೇಲಿನದೇ. ನಾವು ಬೆಂಕಿಕಡ್ಡಿ ತುರುಕಿದುದು ಸರಿಯಾಗಿ ಅಲ್ಲಿಗೆ.

ಯಂತ್ರವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಕೈಬೈರಿಗೆಗೆ ಒಂದು ಗುಣವುಂಟು. ಅದು ತಾನು ಹೋಗುವ ದಾರಿಯ ಸುದ್ದಿಯನ್ನು ಕೈಗೆ ತಿಳಿಸುತ್ತದೆ. ನಮ್ಮ ಬಾಲ್ಯದಲ್ಲಿ ಊರಿನ ಬಡಗಿಯ ಬಳಿ ಕಂಡದ್ದು ಹೀಗಿತ್ತು: ಒಂದು ಮರದ ಕದಿರು, ಅದರ ತಲೆಯ ಮೇಲೆ ಸಡಿಲವಾಗಿ ತಿರುಗುವ ಹಿಡಿ, ನಡುವಿಗೆ ಸುತ್ತಿದ ಹಗ್ಗ, ಹಗ್ಗವನ್ನು ಎಳೆದಾಡಿಸುವ ಬಿಲ್ಲು. ಬಿಲ್ಲು ಮುಂದಕ್ಕೆ ಹೋದಾಗ ಕದಿರು ಒಂದು ಕಡೆಗೂ ಹಿಂದಕ್ಕೆ ಬಂದಾಗ ಇನ್ನೊಂದು ಕಡೆಗೂ ತಿರುಗುವುದು. ಚಪ್ಪಟೆಯಾದ ಅಲಗಿನ ಮೊನೆಯು ಎರಡು ಕಡೆಗೂ ಹೆರೆಯುವುದು. ಮರದ ಗಂಟು ಎದುರಾದರೆ ಬಿಲ್ಲು ಬಿಗಿಯುವುದು, ಟೊಳ್ಳು ಸಿಕ್ಕಿದರೆ ಹಗುರವಾಗಿ ಓಡುವುದು. ಕೊರೆಯುವ ಈ ವಿದ್ಯೆ ಬಹು ಪುರಾತನವಾದುದು. ಬಲೂಚಿಸ್ತಾನದ ಮೆಹರ್‌ಗಢದ ಸಮಾಧಿಗಳಲ್ಲಿ ದೊರೆತ ಒಂಬತ್ತು ಮಂದಿಯ ೧೧ ದವಡೆಹಲ್ಲುಗಳಲ್ಲಿ, ಅವರು ಬದುಕಿದ್ದಾಗಲೇ ಕೊರೆದ ತೂತುಗಳಿರುವುದನ್ನು ವಿದ್ವಾಂಸರು ೨೦೦೬ರಲ್ಲಿ ಪ್ರಕಟಿಸಿದರು; ಅವು ೭೫೦೦ ರಿಂದ ೯೦೦೦ ವರ್ಷಗಳಷ್ಟು ಹಿಂದಿನವು. ಬದುಕಿರುವ ಮನುಷ್ಯನ ಹಲ್ಲನ್ನು ಕೊರೆಯುವವನಿಗೆ ಕೈಗೆ ಬರುವ ಸುದ್ದಿ ತಿಳಿಯದಿದ್ದರೆ ರೋಗಿಯ ಗತಿಯೇನು!

ವಿದ್ಯುತ್ ಬೈರಿಗೆಯ ವಯಸ್ಸು ಇದರ ಮುಂದೆ ನಿನ್ನೆ ಮೊನ್ನೆಯದು. ೧೮೮೯ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಅರ್ನಾಟ್ ಮತ್ತು ಬ್ರೇನ್ ಎಂಬಿಬ್ಬರು ಅದಕ್ಕೆ ಹಕ್ಕುಪತ್ರ ಪಡೆದರು. ೧೮೯೫ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಕೈಯಲ್ಲಿ ಹಿಡಿದು ಕೊರೆಯಬಹುದಾದದ್ದು ಸಿದ್ಧವಾಯಿತು. ಗಾರೆಗೂ ಇಟ್ಟಿಗೆಗೂ ಇರುವ ಭೇದವನ್ನು ಅದು ಒಂದೇ ಗರ್ಜನೆಯಲ್ಲಿ ಮುಚ್ಚಿಹಾಕುತ್ತದೆ. ಆದುದರಿಂದ ಯಂತ್ರವನ್ನು ಹಿಡಿದವನು ಕೈಯಿಂದ ತಿಳಿಯಬೇಕಾದುದನ್ನು ಕಣ್ಣಿನಿಂದ ತಿಳಿಯಬೇಕು. ಪುಡಿಯ ಬಣ್ಣವನ್ನು ನೋಡುವುದೆಂದರೆ ಇದೇ.

ಇನ್ನು ತಿರುಪುಮೊಳೆಯ ವಿಚಾರ. ಕೊರೆಯುವ ಸಾಧನಕ್ಕೆ ಅಮರಕೋಶದಲ್ಲಿ ವೇಧನಿಕಾ, ಆಸ್ಫೋಟನೀ ಎಂದು ಎರಡು ಹೆಸರುಗಳುಂಟು. ಕರ್ಣವೇಧದಲ್ಲಿರುವ ವೇಧವೇ ಇಲ್ಲಿಯೂ ಇರುವುದು. ಆದರೆ ಮರದೊಳಕ್ಕೆ ತಿರುಚಿ ಹೊಗಿಸುವ ಮೊಳೆಯು ಅಮರಸಿಂಹನ ಕಾಲದಲ್ಲಿ ನಮ್ಮಲ್ಲಿ ಇರಲಿಲ್ಲ. ಕನ್ನಡದಲ್ಲಿ ತಿರುಪು ಎಂದೊಡನೆ ನಮ್ಮ ಸೋದರಿಯರಿಗೆ ನೆನಪಾಗುವುದು ಓಲೆಯ ತಿರುಪೇ. ಮಗುವಿನ ಕಿವಿಯನ್ನು ಚುಚ್ಚದೆ ಓಲೆಯ ತಿರುಪನ್ನೇ ಒತ್ತಿ ತೂರಿಸುವ ತಾಯಿ ಎಲ್ಲಿಯಾದರೂ ಇರುವಳೆ? ಮರದ ವಿಷಯದಲ್ಲಿ ಮಾತ್ರ ನಾವೆಲ್ಲರೂ ಅದನ್ನೇ ಮಾಡುತ್ತೇವೆ. ೧೮೪೦ರ ದಶಕದವರೆಗೆ ತಿರುಪುಮೊಳೆಗಳ ತುದಿ ಮೊಂಡಾಗಿರುತ್ತಿತ್ತು. ಮೊದಲು ತೂತು ಕೊರೆಯದೆ ಅದು ಒಳಹೋಗುತ್ತಲೇ ಇರಲಿಲ್ಲ. ಆಮೇಲೆ ಮೊನೆಯುಳ್ಳ ಮೊಳೆಗಳು ಬಂದುವು. ಆ ಮೊನೆಯೇ ನಮ್ಮನ್ನು ಮೋಸಗೊಳಿಸಿದುದು. ತಾನೇ ದಾರಿ ಮಾಡಿಕೊಳ್ಳುವುದೆಂಬ ಭ್ರಾಂತಿಯಿಂದ ಒತ್ತಿ ತಿರುಚುತ್ತೇವೆ, ಹಲಗೆಯು ಅಂಚಿನಿಂದ ಸೀಳುತ್ತದೆ.

ತಿರುಪುಮೊಳೆಯ ಬಲವೆಲ್ಲವೂ ಅದರ ಸುರುಳಿಯೇಣುಗಳು ಮರದ ನಾರುಗಳನ್ನು ಕಚ್ಚಿಕೊಳ್ಳುವುದರಲ್ಲಿದೆ. ತೂತು ಏಣುಗಳಷ್ಟೇ ಅಗಲವಾದರೆ ಕಚ್ಚುವುದಕ್ಕೆ ಮರವುಳಿಯದು. ತೂತೇ ಇಲ್ಲದಿದ್ದರೆ ಮೊಳೆಯ ನಡುಗಂಬವು ನಾರುಗಳನ್ನು ಇಬ್ಬದಿಗೂ ತಳ್ಳಿ ಸೀಳುವುದು. ಆದುದರಿಂದ ತೂತು ಆ ನಡುಗಂಬದಷ್ಟೇ ಇರತಕ್ಕದ್ದು. ಇದನ್ನು ಅಳೆಯಲು ಬಡಗಿಯು ತೋರಿಸಿದ ಉಪಾಯ ಬಹು ಸುಲಭ. ಕೊರೆಯುವ ಅಲಗನ್ನು (ಅಂಗಡಿಯ ಮಾತಿನಲ್ಲಿ ಬಿಟ್) ಮೊಳೆಯ ಮುಂದೆ ಅಡ್ಡವಾಗಿ ಹಿಡಿದು ಬೆಳಕಿನೆದುರು ನೋಡುವುದು. ಅಲಗಿನ ಹಿಂದೆ ನಡುಗಂಬವು ಮರೆಯಾಗಿ, ಎರಡು ಬದಿಗಳಲ್ಲಿಯೂ ಏಣುಗಳು ಮಾತ್ರ ಇಣುಕುತ್ತಿದ್ದರೆ ಅದೇ ತಕ್ಕ ಅಲಗು. ಎರಡು ಹಲಗೆಗಳನ್ನು ಕೂಡಿಸುವಾಗ ಮೇಲಿನದರಲ್ಲಿ ಮೊಳೆಯು ಸಲೀಸಾಗಿ ಜಾರುವಷ್ಟು ಅಗಲದ ತೂತಿರಬೇಕು; ಇಲ್ಲವಾದರೆ ಏಣುಗಳು ಎರಡನ್ನೂ ಕಚ್ಚಿ, ನಡುವಿನ ಸಂದು ಎಷ್ಟು ತಿರುಗಿಸಿದರೂ ಮುಚ್ಚದು. ಗಟ್ಟಿಮರವಾದರೆ ಏಣುಗಳಿಗೆ ಸ್ವಲ್ಪ ಮೇಣವನ್ನು ತೀಡಬೇಕು. ಹಿತ್ತಾಳೆಯ ತಿರುಪುಮೊಳೆಯು ತೇಗದಲ್ಲಿ ತಲೆ ಮುರಿದುಕೊಳ್ಳುವುದು ನಮ್ಮ ಸ್ವಂತ ಅನುಭವ. ತಾಯಿಯವರ ಪೆಟ್ಟಿಗೆಯ ತಿರುಗಣೆಯಲ್ಲಿ ಅಂಥದೊಂದು ಈಗಲೂ ಹೂತುಕೊಂಡಿದೆ. ಮೊದಲು ಅದೇ ಅಳತೆಯ ಕಬ್ಬಿಣದ ಮೊಳೆಯನ್ನು ಹೊಗಿಸಿ ತೆಗೆದು, ಅದು ಕಡೆದ ದಾರಿಯಲ್ಲಿ ಹಿತ್ತಾಳೆಯದನ್ನು ನಡೆಸಬೇಕಾಗಿತ್ತು.

ವಿದ್ಯುತ್ ಬೈರಿಗೆಯಿಂದಲೇ ಮೊಳೆಯನ್ನು ತಿರುಗಿಸುವವರು ಅದರ ಕೊರಳಿನಲ್ಲಿ ಅಂಕೆಗಳುಳ್ಳ ಬಳೆಯೊಂದಿದ್ದರೆ ಅದನ್ನು ಗಮನಿಸಬೇಕು. ಕೆಳಗಿನ ಅಂಕೆಗೆ ಇಟ್ಟರೆ, ಬಿಗಿತವು ಒಂದು ಮಿತಿಯನ್ನು ಮುಟ್ಟಿದೊಡನೆ ಯಂತ್ರವು ಕಟಕಟನೆ ಸದ್ದುಮಾಡಿ ಜಾರುವುದು, ಮೊಳೆಯನ್ನು ಮುಂದಕ್ಕೆ ನೂಕದು. ಕೊನೆಯ ಎರಡು ಸುತ್ತನ್ನು ನಾವು ಈಗ ತಿರುಪುಳಿಯಿಂದ ಕೈಯಲ್ಲಿಯೇ ಮಾಡುತ್ತೇವೆ. ಅದು ವೃದ್ಧಾಪ್ಯದ ಚಾಪಲ್ಯವೆಂದರೂ ಸರಿಯೆ.

ಗೋಡೆಯ ಕೆಲಸಕ್ಕಾದರೋ ಯಂತ್ರವೇ ಉತ್ತಮ. ಹಿಂದೆ ಉಳಿಯಿಂದ ಇಟ್ಟಿಗೆಯನ್ನು ಕೆತ್ತಿ, ಮರದ ಗೂಟವನ್ನು ಬಡಿದು, ಅದರೊಳಕ್ಕೆ ಮೊಳೆಯನ್ನು ಹೊಗಿಸುತ್ತಿದ್ದರು. ಗಾರೆಯು ಅಂಗೈಯಗಲ ಉದುರುತ್ತಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಗೋಡೆಗಳನ್ನು ಕೆಡಿಸದೆ ವಿದ್ಯುತ್ ಸಾಮಗ್ರಿಗಳನ್ನು ಹೂಡಬೇಕಾಗಿ ಬಂದಾಗ ಜಾನ್ ಜೋಸೆಫ್ ರಾಲಿಂಗ್ಸ್ ಎಂಬಾತನು ಸೆಣಬಿನ ನಾರಿನ ಸಣ್ಣ ಕೊಳವೆಯೊಂದನ್ನು ಮಾಡಿ ೧೯೧೧ರಲ್ಲಿ ಹಕ್ಕುಪತ್ರ ಪಡೆದನು; ಮೊಳೆಯು ಒಳಹೊಕ್ಕಂತೆ ಅದು ಉಬ್ಬಿ ತೂತಿನ ಗೋಡೆಯನ್ನು ಅವುಚುತ್ತಿತ್ತು. ಇಂದಿನ ಪ್ಲಾಸ್ಟಿಕ್ ಗೂಟವು ಅದರ ಸಂತಾನವೇ. ಅದು ಅವುಚಬೇಕಾದುದು ಇಟ್ಟಿಗೆಯನ್ನು, ಗಾರೆಯನ್ನಲ್ಲ. ತೂತಿನ ಆಳವು ತಪ್ಪದಿರಲು ಅಲಗಿಗೆ ಬಣ್ಣದ ಪಟ್ಟಿಯನ್ನು ಸುತ್ತಿ ಗುರುತು ಮಾಡಿಕೊಳ್ಳಬೇಕು. ಗೂಟ ಹೊಗಿಸುವ ಮುನ್ನ ಒಳಗಿನ ಪುಡಿಯನ್ನು ತೆಗೆಯಬೇಕು. ಯಂತ್ರದ ಕುಟ್ಟುವ ಗುಣವು ಇಟ್ಟಿಗೆಗೆ ಹಿತ, ಹೊಳಪಿನ ಹಾಸುಬಿಲ್ಲೆಗೆ ಮೃತ್ಯು. ಬಿಲ್ಲೆಯು ಕೊರೆದು ಮುಗಿಯುವವರೆಗೆ ಅದನ್ನು ನಿಲ್ಲಿಸಿರಬೇಕು.

ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು ಸ್ವಿಚ್ಚು ಎಲ್ಲಿದೆಯೆಂಬುದನ್ನು. ತಂತಿಗಳು ಸಾಮಾನ್ಯವಾಗಿ ಅದರ ನೇರಕ್ಕೆ ಮೇಲಕ್ಕೂ ಕೆಳಕ್ಕೂ ಹೋಗುತ್ತವೆ. ಆ ಗೆರೆಯ ಮೇಲೆ ಎಂದಿಗೂ ಕೊರೆಯಬಾರದು. ಸ್ನಾನದ ಮನೆಯ ಗೋಡೆಯಲ್ಲಿ ನಲ್ಲಿಯ ಕೊಳಾಯಿಗೂ ಇದೇ ಮಾತು. ಕಣ್ಣಿಗೆ ಕನ್ನಡಕವಿರಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಡೆಯನ್ನು ಮೇಲಕ್ಕೆ ಕಟ್ಟಿರಲಿ. ತಿರುಗುವ ಅಲಗಿಗೆ ಬಟ್ಟೆಗೂ ಕೂದಲಿಗೂ ಭೇದ ತಿಳಿಯದು.

ನಮ್ಮ ಹಲಗೆಯನ್ನು ಬಡಗಿಯು ಒಂದು ಗೇಣು ಪಕ್ಕಕ್ಕೆ ಸರಿಸಿ ಹೊಸದಾಗಿ ಹೂಡಿದನು. ಹಳೆಯ ತೂತುಗಳನ್ನು ಸಿಮೆಂಟಿನಿಂದ ಮುಚ್ಚಿದನು. ಈ ಸಲ ನಾಲ್ಕು ತೂತುಗಳಿಂದಲೂ ಕೆಂಪು ಪುಡಿಯು ಧಾರಾಳವಾಗಿ ಸುರಿಯಿತು. ಗೂಟಗಳು ೫೦ ಮಿಲಿಮೀಟರಿನವು, ಪೂರ್ತಿಯಾಗಿ ಇಟ್ಟಿಗೆಯೊಳಗೆ ಇಳಿದುವು. ಕೆಲಸ ಮುಗಿದ ಮೇಲೆ ನಮ್ಮ ಸೊಸೆಯು ಒಂದು ಮಾತನ್ನೂ ಆಡದೆ ಬಂದು ಬರಿಯ ಹಲಗೆಯನ್ನು ಎರಡು ಕೈಗಳಿಂದಲೂ ಹಿಡಿದು ಜೋತುಬಿದ್ದಳು. ಹಲಗೆಯು ಕದಲಲಿಲ್ಲ. ನಿಘಂಟಿನ ಸಂಪುಟಗಳು ತಮ್ಮ ಸ್ಥಾನವನ್ನು ಸೇರಿವೆ. ಚಪ್ಪಟೆಯಾದ ಡಬ್ಬಿಯನ್ನೂ ನಾವು ಅವುಗಳ ಪಕ್ಕದಲ್ಲಿಯೇ ಇಟ್ಟಿದ್ದೇವೆ. ಸೊಸೆಯು ಮಗುವಿನ ಚಾಪೆಯನ್ನು ಮಾತ್ರ ಈಗಲೂ ಎದುರುಗೋಡೆಯ ಬಳಿಯಲ್ಲಿಯೇ ಹಾಸುತ್ತಾಳೆ. ನಾವು ಏನನ್ನೂ ಹೇಳಿಲ್ಲ.