ತುಂಗಭದ್ರೆಯ ಬಾಳೆ ಮೀನು: ಗಾಳ, ಸಿಡಿಮದ್ದು ಮತ್ತು ನೀರುನಾಯಿ

ಕರಾವಳಿಯ ಹೊಳೆಗಳಲ್ಲಿ ಗಾಳ ಹಾಕುವವರು ಸಮುದ್ರದ ಉಬ್ಬರವಿಳಿತವನ್ನು ನೋಡಿ ದಡಕ್ಕೆ ಇಳಿಯುತ್ತಾರೆ. ಹೊಸಪೇಟೆಯಿಂದ ಹಂಪಿಯನ್ನು ಹಾದು ಕಂಪ್ಲಿಯತ್ತ ಹರಿಯುವ ತುಂಗಭದ್ರೆಯಲ್ಲಿ ನೀರಿನ ಏರಿಳಿತವನ್ನು ಬಹುಮಟ್ಟಿಗೆ ನಿರ್ಧರಿಸುವುದು ಜಲಾಶಯದ 33 ಕ್ರೆಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಅಪಾರ ಪ್ರಮಾಣದ ನೀರನ್ನು ನದಿಗೆ ಹರಿಸಬೇಕಾಯಿತು.

ಈ ನದಿಯ ಬಂಡೆಗಳ ನಡುವಿನ ಆಳವಾದ ಮಡುಗಳು ಬಾಳೆ ಮೀನಿನ ನೆಲೆಗಳಾಗಿವೆ. ಹುರುಪೆಯಿಲ್ಲದ ನೀಳ ದೇಹ, ಅಗಲವಾದ ಬಾಯಿ ಹಾಗೂ ಚೂಪಾದ ಹಲ್ಲುಗಳುಳ್ಳ ಇದು ಹೆಚ್ಚಾಗಿ ರಾತ್ರಿಯಲ್ಲಿ ಸಣ್ಣ ಮೀನುಗಳನ್ನು ಬೇಟೆಯಾಡುತ್ತದೆ. ಆದ್ದರಿಂದಲೇ ಸಣ್ಣ ಮೀನನ್ನು ಅಥವಾ ಅದನ್ನು ಹೋಲುವಂತೆ ಗರಿಗಳಿಂದ ಕಟ್ಟಿದ ಕೃತಕ ಎರೆಯನ್ನು ಬಳಸಿ ಇಂತಹ ಮೀನುಗಳಿಗೆ ಗಾಳ ಹಾಕಲಾಗುತ್ತದೆ. ಬಾಳೆ ಮೀನನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಅಪಾಯಕ್ಕೀಡಾಗಬಲ್ಲ ಜೀವಿಗಳ ಪಟ್ಟಿಯಲ್ಲಿ ಸೇರಿಸಿದೆ.

ಇದೇ ಮಡುಗಳನ್ನು ನೀರುನಾಯಿಗಳೂ ಅವಲಂಬಿಸಿವೆ. ಅವುಗಳ ರಕ್ಷಣೆಗಾಗಿ ಅಣೆಕಟ್ಟಿನ ಕೆಳಭಾಗದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು ರಾಜ್ಯ ಸರ್ಕಾರವು 2015ರಲ್ಲಿ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು.

ಗಾಳಕ್ಕೆ ಒಂದು ಬಾರಿಗೆ ಒಂದು ಮೀನು ಸಿಗುತ್ತದೆ. ಮರಿಯಾಗಿದ್ದಲ್ಲಿ ಅದನ್ನು ಮರಳಿ ನೀರಿಗೆ ಬಿಡಲು ಅವಕಾಶವಿದೆ. ಸಿಡಿಮದ್ದಿಗೆ ಈ ಆಯ್ಕೆಯಿಲ್ಲ. ಅದು ದೊಡ್ಡ ಮೀನಿನೊಡನೆ ಮರಿಗಳನ್ನೂ ಮೊಟ್ಟೆಗಳನ್ನೂ ನಾಶಪಡಿಸುತ್ತದೆ. ಹರಿಗೋಲಿನಲ್ಲಿ ಬಲೆ ಬೀಸಿ ಬದುಕುವ ಮೀನುಗಾರನ ಮುಂದಿನ ವರ್ಷದ ದುಡಿಮೆಯನ್ನೂ ಕಸಿದುಕೊಳ್ಳುತ್ತದೆ. 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯೇ ಈ ವಿಧಾನವನ್ನು ನಿಷೇಧಿಸಿತ್ತು. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ 32ನೇ ಪ್ರಕರಣದ ಸ್ಫೋಟಕ ನಿಷೇಧವು ಸಂರಕ್ಷಣಾ ಮೀಸಲು ಪ್ರದೇಶಗಳಿಗೂ ಅನ್ವಯಿಸುತ್ತದೆ.

ಕಾನೂನಿನ ಕೊರತೆ ಇಲ್ಲಿಲ್ಲ. ಕೊರತೆ ಬೇರೆಡೆ ಇದೆ. ಇಂತಹ ಮೀಸಲು ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆ, ಗ್ರಾಮ ಪಂಚಾಯತಿಗಳು, ಸ್ವಯಂಸೇವಾ ಸಂಸ್ಥೆಗಳು ಹಾಗೂ ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಗೆ ಕಾಯ್ದೆಯು ಸ್ಥಾನ ನೀಡಿದೆ. ಮೀನುಗಾರರಿಗಾಗಲಿ, ಮೀನುಗಾರಿಕೆ ಇಲಾಖೆಗಾಗಲಿ ಅದರಲ್ಲಿ ಪ್ರತ್ಯೇಕ ಸ್ಥಾನವನ್ನು ಹೆಸರಿಸಿಲ್ಲ. ರಾತ್ರಿಯಲ್ಲಿ ಸಿಡಿಮದ್ದಿನ ಸದ್ದು ಮೊದಲು ಕೇಳುವುದು ನದಿಯಲ್ಲಿರುವವನಿಗೆ. ಗ್ರಾಮ ಪಂಚಾಯತಿಗಳು ತಮ್ಮ ಪ್ರತಿನಿಧಿಯನ್ನು ಆರಿಸುವಾಗ ನದಿಯನ್ನೇ ನಂಬಿ ಬದುಕುವವರನ್ನು ಪರಿಗಣಿಸಿದಲ್ಲಿ, ಕಾಯ್ದೆಗೆ ತಿದ್ದುಪಡಿಯಿಲ್ಲದೆಯೇ ಈ ಕೊರತೆಯನ್ನು ತುಂಬಬಹುದಾಗಿದೆ.