ತಾಳಕ್ಕೆ ಲಕ್ಷಣ ಬರೆದ ಪಾರ್ಲಿಮೆಂಟು

ಜೆರೆಮಿ ಡೆಲರ್ ಎಂಬ ಬ್ರಿಟಿಷ್ ಕಲಾವಿದರು 2018ರಲ್ಲಿ ತೆಗೆದ ‘ಎವೆರಿಬಡಿ ಇನ್ ದಿ ಪ್ಲೇಸ್’ ಎಂಬ ಸಾಕ್ಷ್ಯಚಿತ್ರವನ್ನು ನೋಡಿದ ವಿದ್ಯಾವಂತ ಮಿತ್ರರೊಬ್ಬರು, “ಇದರಲ್ಲಿ ಸಂಗೀತವೆಲ್ಲಿದೆ? ಬರಿಯ ಧಡಧಡ, ಜೊತೆಗೆ ಮಾದಕ ಗುಳಿಗೆ” ಎಂದು ಮೂಗು ಮುರಿದರು. ಗುಳಿಗೆ ಇತ್ತು, ಅದರಿಂದ ಸತ್ತವರೂ ಉಂಟು, ಮುಚ್ಚಿಡಬೇಕಾಗಿಲ್ಲ. ಆದರೆ ಮೊದಲ ಮಾತನ್ನು ನಾನು ಒಪ್ಪಲಾರೆ.

ರೇವ್ ಎಂದರೆ ಖಾಲಿ ಗೋದಾಮಿನಲ್ಲೋ ಬಯಲಿನಲ್ಲೋ ರಾತ್ರಿಯಿಡೀ ನಡೆಯುವ ಕುಣಿತ. ಡಿ.ಜೆ. ಆದವನು ಒಂದು ಧ್ವನಿಮುದ್ರಿಕೆಯನ್ನು ಇನ್ನೊಂದಕ್ಕೆ ಬೆಸೆಯುತ್ತ ಹೋಗುತ್ತಾನೆ, ತಾಳ ಕಡಿಯುವುದಿಲ್ಲ. ಷಿಕಾಗೋ, ಡೆಟ್ರಾಯಿಟ್ ನಗರಗಳ ಕಪ್ಪುಜನಾಂಗದ ತರುಣರು 1980ರ ದಶಕದಲ್ಲಿ ಯಂತ್ರಗಳಿಂದ ಹೊರಡಿಸಿದ ನಾದವಿದು.

ಡೆಲರ್ ನಮ್ಮ ಪಿಯುಸಿ ವಯಸ್ಸಿನ ಮಕ್ಕಳೆದುರು ನಿಂತು, ಪಾಠ ಹೇಳುವ ನನ್ನಂಥವನಿಗೆ ಹೊಟ್ಟೆಕಿಚ್ಚಾಗುವಷ್ಟು ಸೊಗಸಾಗಿ, ಈ ಕುಣಿತವನ್ನು 1984–85ರ ಗಣಿಕಾರ್ಮಿಕರ ಮುಷ್ಕರದ ಪಕ್ಕದಲ್ಲಿಡುತ್ತಾರೆ. ಜೋಡಣೆ ಸುಮ್ಮನೆ ಮಾಡಿದ್ದಲ್ಲ. 1984ರ ಜೂನ್ 18ರಂದು ಆರ್‌ಗ್ರೀವ್‌ನಲ್ಲಿ ಕಾರ್ಮಿಕರ ಮೇಲೆ ಕುದುರೆ ಪೊಲೀಸರು ನುಗ್ಗಿದರು. 95 ಮಂದಿಯ ಮೇಲೆ ಹೂಡಿದ ಮೊಕದ್ದಮೆ ಮರುವರ್ಷ ಕುಸಿದುಬಿತ್ತು. 1992ರ ಮೇ ತಿಂಗಳಲ್ಲಿ ಕ್ಯಾಸಲ್‌ಮಾರ್ಟನ್ ಎಂಬ ಹಳ್ಳಿಯ ಬಯಲಿನಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಸೇರಿ ಸುಮಾರು ಒಂದು ವಾರ ಕುಣಿದರು. ಧ್ವನಿವರ್ಧಕಗಳನ್ನು ಲಾರಿಯಲ್ಲಿ ಹೇರಿಕೊಂಡು ಊರೂರು ಅಲೆಯುತ್ತಿದ್ದ ‘ಸ್ಪೈರಲ್ ಟ್ರೈಬ್’ ತಂಡದವರ ಮೇಲೆ ಮೊಕದ್ದಮೆಯಾಯಿತು. 1994ರಲ್ಲಿ ಅವರೂ ಬಿಡುಗಡೆಯಾದರು.

ಅದೇ ವರ್ಷ ಹೊಸ ಕಾಯಿದೆ ಬಂತು. ಬಯಲಿನಲ್ಲಿ 100 ಅಥವಾ ಹೆಚ್ಚು ಮಂದಿ ಸೇರಿ, ರಾತ್ರಿ ಧ್ವನಿವರ್ಧಕದಲ್ಲಿ ಸಂಗೀತ ನುಡಿಸಿ ನೆರೆಯವರಿಗೆ ತೀವ್ರ ತೊಂದರೆ ಕೊಡುವಂತಿದ್ದರೆ, ಅವರನ್ನು ಚದರಿಸುವ, ಯಂತ್ರಗಳನ್ನು ವಶಪಡಿಸಿಕೊಳ್ಳುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. ಇಲ್ಲಿ ಒಂದು ತಮಾಷೆಯಿದೆ. ಮರಳಿ ಮರಳಿ ಬರುವ ಬಡಿತಗಳೇ ಪ್ರಧಾನವಾದ ಸದ್ದೂ ಸಂಗೀತವೆಂಬುದರಲ್ಲಿ ಸೇರುತ್ತದೆ ಎಂದು ಕಾಯಿದೆ ಬಿಡಿಸಿ ಹೇಳುತ್ತದೆ! ಲಕ್ಷಣಗ್ರಂಥ ಬೋಧಿಸಿ ಹೊಟ್ಟೆ ಹೊರೆಯುವ ನನಗೆ ಇದು ನಗೆ ತರಿಸಿತು. “ಇದು ಸಂಗೀತವೇ ಅಲ್ಲ” ಎಂಬ ನಮ್ಮ ಮಿತ್ರರ ವಾದವನ್ನೇ ಆರೋಪಿಗಳು ಹೂಡಿ ಪಾರಾದಾರೆಂಬ ಅಳುಕು ಸರ್ಕಾರಕ್ಕಿದ್ದಿರಬೇಕು. ರಸಿಕರು ಕೊಡದ ಮರ್ಯಾದೆಯನ್ನು ಪೊಲೀಸರು ಕೊಟ್ಟರು.

ಹಳ್ಳಿಯವರ ನಿದ್ದೆ ಕೆಟ್ಟದ್ದು ನಿಜ. ಗದ್ದಲಕ್ಕೆ ಕಾಯಿದೆ ಬೇಡವೆಂದು ನಾನು ಹೇಳುತ್ತಿಲ್ಲ. ಗದ್ದಲವಷ್ಟೇ ದೂರಾಗಿದ್ದರೆ ಅದನ್ನು ಅಳೆದು ತಡೆದರೆ ಸಾಕಿತ್ತು. ತಾಳ ಯಾವ ಜಾತಿಯದೆಂದು ವಿಚಾರಿಸುವ ಗರಜು ಪಾರ್ಲಿಮೆಂಟಿಗೇನಿತ್ತು? ಅವರ ಕಣ್ಣು ಇದ್ದದ್ದು ಆ ತಾಳಕ್ಕೆ ಕೂಡುವ ಜನರ ಮೇಲೆ. 2003ರಲ್ಲಿ ಆ 100ನ್ನು 20ಕ್ಕೆ ಇಳಿಸಿದರು. ನನ್ನ ಐಚ್ಛಿಕ ಕನ್ನಡ ತರಗತಿಯಲ್ಲೇ ಅದಕ್ಕಿಂತ ಹೆಚ್ಚು ಮಂದಿ ಕೂತಿರುತ್ತಾರೆ.